ತೂಕ ನೋಡುವಾಗ ಚಾರ್ಜರನ್ನೂ ಸೇರಿಸಿ

ಹಿಂದವಾಡಿಯ ಓದುಗರೇ, ಉದ್ಯಮಬಾಗದ ಫೌಂಡ್ರಿ ಕೆಲಸಕ್ಕಾಗಿ ಪುಣೆ, ಕೊಲ್ಹಾಪುರ, ಬೆಂಗಳೂರು ಸುತ್ತುವ ನಿಮಗೆ 14 ಇಂಚಿನ, 1.3 ಕೆ.ಜಿ. ಒಳಗಿನ ಲ್ಯಾಪ್‌ಟಾಪ್ ಸಾಕು. ಕಿಲೋಗಿಂತ ಹಗುರವಾದದ್ದೇ ಬೇಕೆಂದು ದುಡ್ಡು ಸುರಿಯಬೇಡಿ, ಆ ಹಣ ಬ್ಯಾಟರಿಗೆ ಹೋಗಲಿ. ಮಳೆಗಾಲದಲ್ಲಿ ಖಾನಾಪುರದ ಕಡೆ ಹೋದಾಗ ಕರೆಂಟನ್ನು ನೆಚ್ಚಿಕೊಳ್ಳುವಂತಿಲ್ಲ. 60 ವ್ಯಾಟ್-ಅವರ್ ಆಸುಪಾಸು ಇರಲಿ. 100 ಮೀರದಿದ್ದರೆ ಸಾಂಬ್ರಾದಿಂದ ವಿಮಾನ ಹತ್ತುವಾಗಲೂ ಅಡ್ಡಿಯಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದನ್ನೇ ಆರಿಸಿ, 65 ವ್ಯಾಟ್‌ನ ಒಂದೇ ಚಾರ್ಜರು ಫೋನಿಗೂ ಆಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಹೆಚ್ಚಾಗಿ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಕ್ಯಾಡ್ ಡ್ರಾಯಿಂಗ್ ತೆರೆಯುವವರಿಗೆ 8 ಜಿಬಿ ಸಾಲದು, 16 ಕೇಳಿ. ಆನ್‌ಸೈಟ್ ವಾರಂಟಿ ನಿಮ್ಮ ಪಿನ್‌ಕೋಡಿಗೆ ಸಿಗುತ್ತದೆಯೇ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಅಂಗಡಿಯಲ್ಲಿ ಬರೆಸಿಕೊಳ್ಳಿ.