ಮೈನ್‌ಕ್ರಾಫ್ಟ್ ಸರ್ವರ್: ಮನೆಯಲ್ಲೋ, ಬಾಡಿಗೆಗೋ?

ಗೆಳೆಯರ ಜತೆ ಆಡಲು ಸ್ವಂತ ಮೈನ್‌ಕ್ರಾಫ್ಟ್ ಸರ್ವರ್ ಕಟ್ಟಲು ಹೊರಟವರು ಮೊದಲು ದುಡ್ಡು ಸುರಿಯುವುದು ರ್‍ಯಾಮ್ ಮೇಲೆ. 8 ಜಿಬಿ ಇದ್ದದ್ದನ್ನು 16 ಮಾಡಿಸುತ್ತಾರೆ, ಹಳೇ ಪಿಸಿಗೆ ಎಸ್‌ಎಸ್‌ಡಿ ಹಾಕಿಸುತ್ತಾರೆ, ಯೂಟ್ಯೂಬ್ ನೋಡಿಕೊಂಡು ರಾತ್ರಿಯೆಲ್ಲ ಕೂತು ಎಲ್ಲ ಸಿದ್ಧ ಮಾಡುತ್ತಾರೆ. ಕೊನೆಗೆ ಹುಬ್ಬಳ್ಳಿಯಲ್ಲಿರುವ ಗೆಳೆಯನ ಪರದೆಯಲ್ಲಿ ಬರುವುದು ‘ಕನೆಕ್ಷನ್ ಟೈಮ್ಡ್ ಔಟ್’. ಪಿಸಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಆ ಮನೆಯ ಇಂಟರ್‌ನೆಟ್‌ಗೆ ಹೊರಗಿನಿಂದ ಒಳಗೆ ಬರಲು ದಾರಿಯೇ ಇರುವುದಿಲ್ಲ, ಅಷ್ಟೆ. ಇದನ್ನು ಪತ್ತೆ ಹಚ್ಚಲು ಐದು ನಿಮಿಷ ಸಾಕು, ಬಿಡಿಗಾಸೂ ಬೇಡ. ಮನೆಯಲ್ಲೇ ನಡೆಸುವುದೋ ಬಾಡಿಗೆಗೆ ಪಡೆಯುವುದೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ಬಿಜಿಎಂಐ, ಫ್ರೀ ಫೈರ್‌ನಂಥ ಆಟಗಳ ಸರ್ವರ್ ಕಂಪನಿಯ ಕೈಯಲ್ಲೇ ಇರುತ್ತದೆ; ಆ ಆಸೆ ಬಿಡಿ. ಮೈನ್‌ಕ್ರಾಫ್ಟ್, ವಾಲ್‌ಹೈಮ್, ಪಾಲ್‌ವರ್ಲ್ಡ್, ಟೆರೇರಿಯಾ ಇತ್ಯಾದಿಗಳಿಗೆ ನಾವೇ ಸರ್ವರ್ ಇಟ್ಟುಕೊಳ್ಳಬಹುದು. ಇಲ್ಲಿ ಹೇಳುತ್ತಿರುವುದು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಬಗ್ಗೆ. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್‌ಗೆ ಸರ್ವರ್ ತಂತ್ರಾಂಶವೂ ಪೋರ್ಟ್ ಸಂಖ್ಯೆಯೂ ಬೇರೆ. ಉಳಿದ ಲೆಕ್ಕಾಚಾರ ಒಂದೇ.

ಮೊದಲು ವಿಳಾಸ ನೋಡಿ

ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪ್ ಮಾಡಿ ರೂಟರ್‌ನ ಪುಟ ತೆರೆಯಿರಿ. ‘ಸ್ಟೇಟಸ್’ ಅಥವಾ ‘ವ್ಯಾನ್’ ಎಂಬಲ್ಲಿ ಇರುವ ಐಪಿ ವಿಳಾಸ ಬರೆದುಕೊಳ್ಳಿ. ವಿಪಿಎನ್ ಇದ್ದರೆ ಆಫ್ ಮಾಡಿ, ‘ವಾಟ್ ಈಸ್ ಮೈ ಐಪಿ’ ಎಂದು ಗೂಗಲ್‌ನಲ್ಲಿ ಹುಡುಕಿ. ಅಲ್ಲಿ ಉದ್ದನೆಯ, ನಡುನಡುವೆ ಎರಡೆರಡು ಚುಕ್ಕೆಯಿರುವ ವಿಳಾಸ ಬಂದರೆ ಅದು ಐಪಿವಿ6. ನಮಗೆ ಬೇಕಿರುವುದು ನಾಲ್ಕು ಸಂಖ್ಯೆಗಳ ಐಪಿವಿ4. ರೂಟರ್ ತೋರಿಸಿದ್ದೂ ಹೊರಗಿನ ತಾಣ ತೋರಿಸಿದ್ದೂ ಒಂದೇ ಆಗಿದ್ದರೆ ನೀವು ಅದೃಷ್ಟವಂತರು: ನಿಮ್ಮದು ಸಾರ್ವಜನಿಕ ಐಪಿ.

ಎರಡೂ ಬೇರೆ ಬೇರೆ ಬಂದರೆ ರೂಟರ್‌ನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಮೊದಲ ಸಂಖ್ಯೆ 100, ಎರಡನೆಯದು 64ರಿಂದ 127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. 2012ರಲ್ಲಿ ಈ ವ್ಯವಸ್ಥೆಗೆಂದೇ ಮೀಸಲಿಟ್ಟ ವಿಳಾಸಗಳಿವು. ಜಗತ್ತಿಗೆಲ್ಲ ಸೇರಿ ಐಪಿವಿ4 ವಿಳಾಸಗಳಿರುವುದು ಸುಮಾರು 430 ಕೋಟಿ. ಅವು ಸಾಲದೆ ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿವೆ. ನಿಮ್ಮ ಫ್ಲ್ಯಾಟಿನ ಬಾಗಿಲು ತೆರೆದಿಟ್ಟರೂ ಅಪಾರ್ಟ್‌ಮೆಂಟ್ ಗೇಟಿನವನು ಬಿಡದಿದ್ದರೆ ನೆಂಟರು ಒಳಗೆ ಬರುವುದು ಹೇಗೆ? ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನವರಿಗೆ ಒಳಬರುವ ದಾರಿ ತೆರೆದರೂ, ಅಷ್ಟೆ. ರೂಟರ್ ರೀಸೆಟ್ ಮಾಡುವುದು, ಫೈರ್‌ವಾಲ್ ಪೂರ್ತಿ ತೆಗೆದುಹಾಕುವುದು, ಹೊಸ ರೂಟರ್ ಕೊಳ್ಳುವುದು, ಎಲ್ಲ ವ್ಯರ್ಥ. ಫೈರ್‌ವಾಲ್ ತೆಗೆದದ್ದಂತೂ ಅಪಾಯಕಾರಿ. ಹಾಗೆ ತೆಗೆದವರು ಮತ್ತೆ ಹಾಕುವುದನ್ನು ಮರೆಯುವುದೇ ಹೆಚ್ಚು.

ರೂಟರ್ ತೋರಿಸುವ ವಿಳಾಸ 192.168 ಅಥವಾ 10ರಿಂದ ಶುರುವಾದರೆ ಇನ್ನೊಂದು ಸಾಧ್ಯತೆ ಇದೆ. ಕಂಪನಿಯವರು ಗೋಡೆಗೆ ಹೊಡೆದುಹೋದ ಫೈಬರ್ ಡಬ್ಬಿಯೂ ಒಂದು ರೂಟರೇ. ಅದರ ಹಿಂದೆ ನೀವು ಇನ್ನೊಂದು ವೈಫೈ ರೂಟರ್ ಇಟ್ಟಿದ್ದರೆ ಮನೆಯೊಳಗೇ ಎರಡು ಬಾಗಿಲು. ಫೈಬರ್ ಡಬ್ಬಿಯ ಪುಟ ತೆರೆದು ಅಲ್ಲಿನ ವ್ಯಾನ್ ವಿಳಾಸ ನೋಡಿ. ಅದು ಸಾರ್ವಜನಿಕವಾಗಿದ್ದರೆ ಡಬ್ಬಿಯನ್ನು ‘ಬ್ರಿಜ್’ ಮೋಡ್‌ಗೆ ಹಾಕಿಸಿಕೊಂಡರೆ ಮುಗಿಯಿತು.

ಸಿಜಿನ್ಯಾಟ್ ಎಂದು ಖಾತ್ರಿಯಾದರೆ ಕಸ್ಟಮರ್ ಕೇರ್‌ಗೆ ಕರೆ ಮಾಡಿ. ‘ಐಪಿ ಬೇಕು’ ಎಂದರೆ ‘ಇದೆಯಲ್ಲ ಸರ್’ ಎಂಬ ಉತ್ತರ ಬರುತ್ತದೆ. ‘ಸ್ಟ್ಯಾಟಿಕ್ ಪಬ್ಲಿಕ್ ಐಪಿವಿ4 ಕೊಡುತ್ತೀರಾ, ಜಿಎಸ್‌ಟಿ ಸೇರಿ ವರ್ಷಕ್ಕೆ ಎಷ್ಟು?’ ಎಂದೇ ಕೇಳಿ. ಉತ್ತರವನ್ನು ಇ–ಮೇಲ್‌ನಲ್ಲಿ ಪಡೆಯಿರಿ. ಹಲವರು ಕೊಡುತ್ತಾರೆ, ಪ್ರತ್ಯೇಕ ಶುಲ್ಕಕ್ಕೆ. ಸಿಮ್ ಹಾಕುವ 4ಜಿ, 5ಜಿ ರೂಟರ್‌ಗಳಲ್ಲಿ ಮಾತ್ರ ಹೆಚ್ಚು ಭರವಸೆ ಬೇಡ.

ಐಪಿ ಸಿಗದಿದ್ದರೂ ಆಟ ನಿಲ್ಲಬೇಕಿಲ್ಲ. ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಎಂಬ ಉಚಿತ ತಂತ್ರಾಂಶವನ್ನು ನೀವೂ ಗೆಳೆಯರೂ ಹಾಕಿಕೊಂಡರೆ ಎಲ್ಲರ ಪಿಸಿಗಳೂ ಒಂದೇ ಖಾಸಗಿ ಜಾಲಕ್ಕೆ ಸೇರುತ್ತವೆ. ಪೋರ್ಟ್ ತೆರೆಯುವ ಗೋಜಿಲ್ಲ, ಅಪರಿಚಿತರು ಬಾಗಿಲು ತಟ್ಟುವ ಭಯವೂ ಇಲ್ಲ. ನಾಲ್ಕೈದು ಮಂದಿ ವಾರಾಂತ್ಯದಲ್ಲಿ ಆಡುವವರಿಗೆ ಸಾರ್ವಜನಿಕ ಐಪಿ ಇದ್ದರೂ ನನ್ನ ಸಲಹೆ ಇದೇ.

ಇನ್ನೊಂದು ಮೋಸ: ಸರ್ವರ್ ಇರುವ ಮನೆಯ ವೈಫೈನಿಂದಲೇ ಸಾರ್ವಜನಿಕ ವಿಳಾಸಕ್ಕೆ ಹೋಗಿ ಪರೀಕ್ಷಿಸಬೇಡಿ. ಅನೇಕ ರೂಟರ್‌ಗಳು ಹಾಗೆ ಹೊರಗೆ ಹೋಗಿ ಒಳಗೆ ಬರುವುದನ್ನು ಬಿಡುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆ ಅನ್ನಿಸುತ್ತದೆ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಪರೀಕ್ಷಿಸಿ. ಪೋರ್ಟ್ ಪರೀಕ್ಷಿಸುವ ಜಾಲತಾಣ ಬಳಸುವುದಾದರೆ ಆಗ ಸರ್ವರ್ ಓಡುತ್ತಿರಬೇಕು. ಇಲ್ಲದಿದ್ದರೆ ‘ಕ್ಲೋಸ್ಡ್’ ಎಂದೇ ತೋರಿಸುತ್ತದೆ.

ಮನೆಯಲ್ಲೇ ಆದರೆ

ಮೈನ್‌ಕ್ರಾಫ್ಟ್‌ನ 1.20.5ರಿಂದೀಚಿನ ಆವೃತ್ತಿಗೆ ಕನಿಷ್ಠ ಜಾವಾ 21 ಬೇಕು. ತೀರಾ ಹೊಸ ಆವೃತ್ತಿಗಳು ಇನ್ನೂ ಹೊಸ ಜಾವಾ ಕೇಳಬಹುದು. ಅಧಿಕೃತ ತಾಣದಿಂದ ಸರ್ವರ್ ಫೈಲ್ ಇಳಿಸಿ, ಅದಕ್ಕೇ ಮೀಸಲಾದ ಫೋಲ್ಡರ್‌ನಲ್ಲಿಟ್ಟು ಒಮ್ಮೆ ಓಡಿಸಿ. ಅದು ನಿಂತುಬಿಡುತ್ತದೆ. ‘ಯೂಲಾ’ ಎಂಬ ಫೈಲ್‌ನಲ್ಲಿ ‘ಫಾಲ್ಸ್’ ಇದ್ದದ್ದನ್ನು ‘ಟ್ರೂ’ ಮಾಡಿ ಮತ್ತೆ ಓಡಿಸಿ. ಐದಾರು ಮಂದಿಗೆ 4 ಜಿಬಿ ಮೆಮೊರಿ ಸಾಕು. ಮಾಡ್‌ಗಳಿದ್ದರೆ ಹೆಚ್ಚು ಬೇಕು. ರೂಟರ್‌ನಲ್ಲಿ ಈ ಪಿಸಿಗೆ ಒಂದೇ ಒಳವಿಳಾಸ ಕಾಯ್ದಿರಿಸಿ, ಟಿಸಿಪಿ 25565 ಪೋರ್ಟನ್ನು ಅದಕ್ಕೆ ಫಾರ್ವರ್ಡ್ ಮಾಡಿ. ವಿಳಾಸ ಕಾಯ್ದಿರಿಸದಿದ್ದರೆ ಕರೆಂಟ್ ಹೋಗಿ ಬಂದಾಗ ಪಿಸಿಗೆ ಬೇರೆ ವಿಳಾಸ ಸಿಕ್ಕಿ ‘ನಿನ್ನೆಯವರೆಗೂ ಚೆನ್ನಾಗಿತ್ತು’ ಎಂಬ ದೂರು ಶುರು.

ಪೋರ್ಟ್ ತೆರೆಯುವ ಮುಂಚೆಯೇ ವೈಟ್‌ಲಿಸ್ಟ್ ಆನ್ ಮಾಡಿ, ಗೆಳೆಯರ ಹೆಸರು ಸೇರಿಸಿ. ತೆರೆದ 25565 ಪೋರ್ಟ್‌ಗಳನ್ನು ಹುಡುಕುತ್ತಲೇ ಇರುವ ಬಾಟ್‌ಗಳಿವೆ. ಆಟವನ್ನು ಕೊಳ್ಳದ ಗೆಳೆಯನಿಗೋಸ್ಕರ ‘ಆನ್‌ಲೈನ್ ಮೋಡ್’ ಅನ್ನು ಫಾಲ್ಸ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಯಾರು ಬೇಕಾದರೂ ನಿಮ್ಮ ಹೆಸರಿನಲ್ಲೇ ಒಳಬಂದು ಅಡ್ಮಿನ್ ಆಗಿ ಕೂರಬಹುದು. ವೈಟ್‌ಲಿಸ್ಟ್ ಇದ್ದರೂ ಪ್ರಯೋಜನವಿಲ್ಲ. ಹಳೆಯ ಆವೃತ್ತಿಗೆ ಅಂಟಿಕೊಳ್ಳುವುದೂ ಒಳ್ಳೆಯದಲ್ಲ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಜೆ ದೋಷದಲ್ಲಿ ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಸರ್ವರ್ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮೈನ್‌ಕ್ರಾಫ್ಟ್‌ನಲ್ಲಿ ಅದನ್ನು ಸರಿಪಡಿಸಿದ್ದು 1.18.1ರಲ್ಲಿ.

ಕರೆಂಟ್ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 100 ವ್ಯಾಟ್ ಎಳೆಯುವ ಪಿಸಿ ಹಗಲೂ ರಾತ್ರಿ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 140 ಯೂನಿಟ್ ಉರಿಸುವ ಮನೆ ಇದರಿಂದ 212ಕ್ಕೆ ಏರುತ್ತದೆ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮಗನ ‘ಉಚಿತ’ ಸರ್ವರ್‌ನ ಬೆಲೆ ಅಪ್ಪನಿಗೆ ಗೊತ್ತಾಗುವುದು ಮೀಟರ್ ರೀಡರ್ ಬಂದಾಗ! ಹಳೆಯ ಲ್ಯಾಪ್‌ಟಾಪ್ ಆದರೆ ಸುಮಾರು 25 ವ್ಯಾಟ್, ತಿಂಗಳಿಗೆ 18 ಯೂನಿಟ್. ಬ್ಯಾಟರಿ ಇರುವುದರಿಂದ ಯುಪಿಎಸ್ ಕೂಡ ಅದೇ. ರೂಟರ್‌ಗೊಂದು ಪುಟ್ಟ ಯುಪಿಎಸ್ ಪ್ರತ್ಯೇಕವಾಗಿ ಬೇಕು.

ಬಾಡಿಗೆಗಾದರೆ

ಹತ್ತಕ್ಕಿಂತ ಹೆಚ್ಚು ಆಟಗಾರರಿದ್ದು ದಿನವಿಡೀ ತೆರೆದಿರಬೇಕು ಎಂದಾದರೆ, ಅಥವಾ ಅಪರಿಚಿತರಿಗೂ ಬಾಗಿಲು ತೆರೆಯುವುದಾದರೆ, ಎರಡನೇ ಯೋಚನೆ ಬೇಡ, ಬಾಡಿಗೆಯೇ ಸರಿ. ಅಪರಿಚಿತರು ಬರುವಲ್ಲಿ ಮನೆಯ ಐಪಿ ಕೊಟ್ಟರೆ ಜಗಳವಾಡಿ ಹೊರಬಿದ್ದವನೊಬ್ಬ ಡಿಡಾಸ್ ದಾಳಿ ಮಾಡಿಸಿ ಮನೆಮಂದಿಯ ಇಂಟರ್‌ನೆಟ್ಟನ್ನೇ ಕೆಡವಬಹುದು. 2016ರಲ್ಲಿ ಹೆಸರುವಾಸಿಯಾದ ಮಿರಾಯ್ ದಾಳಿಜಾಲ ಕಟ್ಟಿದವರೂ ಮೈನ್‌ಕ್ರಾಫ್ಟ್ ಸರ್ವರ್‌ಗಳನ್ನು ಗುರಿ ಮಾಡಿದ್ದರು.

ಜಾಹೀರಾತಿನ ‘ಅನ್‌ಲಿಮಿಟೆಡ್ ಸ್ಲಾಟ್’ಗೆ ಮರುಳಾಗಬೇಡಿ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಬಾರಿ ಇಡೀ ಲೋಕದ ಲೆಕ್ಕ ಹಾಕುತ್ತದೆ, ಅದೂ ಬಹುಪಾಲು ಒಂದೇ ಕೋರ್‌ನಲ್ಲಿ. ಆದ್ದರಿಂದ ಎಷ್ಟು ಕೋರ್ ಎಂದಲ್ಲ, ಯಾವ ಪ್ರೊಸೆಸರ್ ಎಂದು ಕೇಳಿ. ಹೆಸರು ಹೇಳದವರ ಹತ್ತಿರ ಹೋಗಬೇಡಿ. ಸರ್ವರ್ ಮುಂಬೈಯಲ್ಲಿದ್ದರೆ ಚೆನ್ನ, ತಪ್ಪಿದರೆ ಸಿಂಗಪುರ. ಯುರೋಪ್, ಅಮೆರಿಕದ್ದು ಅಗ್ಗವೆಂದು ಹೋದರೆ ಹೊಡೆದ ಏಟು ತಡವಾಗಿ ಬೀಳುತ್ತದೆ. ಮೊದಲ ತಿಂಗಳಿಗಷ್ಟೇ ಹಣ ಕಟ್ಟಿ. ವಿದೇಶಿ ಕಂಪನಿಯ ಆಟೋ ಡೆಬಿಟ್ ನಮ್ಮ ಕಾರ್ಡ್‌ಗಳಲ್ಲಿ ಆಗಾಗ ಕೈಕೊಡುವುದರಿಂದ ಕೊನೆಯ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಟ್ಟುಕೊಳ್ಳಿ. ಏನೂ ತಲೆನೋವು ಬೇಡ ಎನ್ನುವವರಿಗೆ ಆಟದ ಕಂಪನಿಯದ್ದೇ ‘ರೆಲ್ಮ್ಸ್’ ಇದೆ. ಅಲ್ಲಿ ಪ್ಲಗಿನ್‌ಗಳಿಗೆ ಜಾಗವಿಲ್ಲ.

ಮನೆಯಾಗಲಿ, ಬಾಡಿಗೆಯಾಗಲಿ, ‘ವರ್ಲ್ಡ್’ ಫೋಲ್ಡರ್‌ನ ಪ್ರತಿ ನಿಮ್ಮ ಹತ್ತಿರ ಇರಲಿ. ಸರ್ವರ್ ನಿಲ್ಲಿಸಿಯೇ ಪ್ರತಿ ತೆಗೆಯಿರಿ. ಬಾಡಿಗೆ ಅವಧಿ ಮುಗಿದ ಕೆಲವೇ ದಿನಗಳಲ್ಲಿ ಫೈಲ್‌ಗಳನ್ನು ಅಳಿಸಿಹಾಕುವ ಕಂಪನಿಗಳೇ ಹೆಚ್ಚು. ಹಣ ಕಟ್ಟುವ ಮೊದಲೇ ಆ ನಿಯಮ ಓದಿ.