ಕಾರಿನೊಳಗೆ ನೀರು: ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮದು 2008ರ ಸಣ್ಣ ಕಾರು. ಮಳೆಗಾಲ ಬಂತೆಂದರೆ ಮುಂದಿನ ಎಡ ಸೀಟಿನ ಕಾಲಡಿ ನೀರು ನಿಲ್ಲುತ್ತದೆ. ಗಾಜಿನ ಸುತ್ತ ಎರಡು ಸಲ ಸಿಲಿಕೋನ್ ಹಾಕಿಸಿದ್ದಾಯಿತು. ಗಾಜನ್ನೇ ಬದಲಿಸಬೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಗಾಜಿಗೆ ಈಗಲೇ ಕೈ ಹಾಕಬೇಡಿ. ಮಳೆನೀರು ಕಾರಿನ ಮೈಯೊಳಗೆ ಇಳಿಯುವುದು ಸಹಜ. ಅದು ಹರಿದುಹೋಗಲೆಂದೇ ಅಲ್ಲಲ್ಲಿ ತೂತು, ಕೊಳವೆಗಳನ್ನು ಇಟ್ಟಿರುತ್ತಾರೆ. ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಕಟ್ಟಿಕೊಂಡಿರುವುದು ಆ ದಾರಿಗಳೇ.

‘ಎಡ’ ಎಂದು ಬರೆದಿರುವುದು ದೊಡ್ಡ ಸುಳಿವು. ನಮ್ಮ ಬಹುತೇಕ ಕಾರುಗಳಲ್ಲಿ ಗಾಳಿ ಎಳೆಯುವ ಬ್ಲೋವರ್ ಇರುವುದು ಎಡಕ್ಕೆ, ಗ್ಲೋವ್ ಬಾಕ್ಸಿನ ಹಿಂದೆ. ಅದಕ್ಕೆ ಹೊರಗಿನ ಗಾಳಿ ಬರುವುದು ವೈಪರ್ ಬುಡದ ಜಾಲರಿಯಿಂದ. ಗಾಜಿನ ಮೇಲೆ ಬಿದ್ದ ಮಳೆಯೂ ಅಲ್ಲಿಗೇ ಇಳಿದು, ಜಾಲರಿಯಡಿಯ ತೊಟ್ಟಿಯಲ್ಲಿ ಹರಿದು, ಪಕ್ಕದ ತೂತುಗಳಿಂದ ನೆಲಕ್ಕೆ ಬೀಳಬೇಕು. ಮರದಡಿ ನಿಲ್ಲುವ ಕಾರಾದರೆ ಎಲೆ, ಹೂವು, ಧೂಳು ಕೊಳೆತು ತೂತು ಮುಚ್ಚುತ್ತದೆ. ತೊಟ್ಟಿ ತುಂಬಿ ನೀರು ಬ್ಲೋವರ್ ಬಾಯಿಂದ ಒಳಗಿಳಿಯುತ್ತದೆ. ನಿಮ್ಮ ಮಲೆನಾಡಿನಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಬಾನೆಟ್ ಎತ್ತಿ, ಜಾಲರಿ ಬಿಚ್ಚಿ, ಕಸವನ್ನು ಕೈಯಲ್ಲೇ ತೆಗೆಯಿರಿ. ಆಮೇಲೆ ಒಂದು ಚೊಂಬು ನೀರು ನಿಧಾನವಾಗಿ ಸುರಿದು, ಅದು ಎರಡೂ ಬದಿಯಲ್ಲಿ ಕೆಳಗೆ ಬೀಳುತ್ತದೆಯೇ ನೋಡಿ.

ಬಿಸಿಲ ದಿನ ಎಸಿ ಹಾಕಿದಾಗಲೂ ಒದ್ದೆಯಾದರೆ ಕೂಲಿಂಗ್ ಕಾಯಿಲ್‌ನ ಡ್ರೈನ್ ಪೈಪ್ ಕಟ್ಟಿದೆ. ನೀರು ಅಂಟಂಟಾಗಿ, ಸಿಹಿ ವಾಸನೆಯಿದ್ದರೆ ಅದು ಹೀಟರಿನಿಂದ ಸೋರುವ ಕೂಲೆಂಟ್.

ಮುಂದಿನ ಅನುಮಾನ ಬಾಗಿಲು. ಕಿಟಕಿ ಗಾಜಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುತ್ತಲೇ ಇರುತ್ತದೆ, ಕೆಳಅಂಚಿನ ತೂತುಗಳಿಂದ ಹೊರಬೀಳುತ್ತದೆ. ಡೋರ್ ಪ್ಯಾಡ್ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಅದನ್ನು ಒಳಗೆ ಬಿಡದೆ ತಡೆಯುತ್ತದೆ. ಸ್ಪೀಕರ್ ಹಾಕಿಸುವಾಗಲೋ ಕಿಟಕಿ ರಿಪೇರಿಯಲ್ಲೋ ಆ ಹಾಳೆಯನ್ನು ಹರಿದು ಹಾಗೇ ಬಿಟ್ಟಿರುವುದು ಬಹಳ ಸಾಮಾನ್ಯ. ಹೊಸ ಪ್ಲಾಸ್ಟಿಕ್ ಕತ್ತರಿಸಿ, ಬ್ಯುಟೈಲ್ ಟೇಪಿನಿಂದ ಅಂಚು ಬಿಡದಂತೆ ಅಂಟಿಸಿದರೆ ಸಾಕು.

ಇಷ್ಟಾದರೂ ನೀರು ಬಂದರೆ ಪರೀಕ್ಷೆ ಮಾಡಲೇಬೇಕು. ಸೀಟು, ಕಾರ್ಪೆಟ್ ತೆಗೆದು ನೆಲ ಒಣಗಿಸಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲ ಒಟ್ಟಿಗೆ ನೆನೆದು ಗೊತ್ತೇ ಆಗುವುದಿಲ್ಲ. ವಾಟರ್ ಸರ್ವಿಸ್‌ನ ಪ್ರೆಷರ್ ಬೇಡ, ಅದು ಗಟ್ಟಿ ರಬ್ಬರನ್ನೂ ದಾಟುತ್ತದೆ. ನೀರು ನಿಂತ ಜಾಗವೇ ಬಂದ ಜಾಗವಲ್ಲ; ಅದು ವೈರಿನ ಗುಂಟ, ಲೋಹದ ಅಂಚಿನ ಗುಂಟ ಹರಿದು ಬಂದಿರುತ್ತದೆ. ವೈರುಗಳು ಎಂಜಿನ್ ಕಡೆಯಿಂದ ಒಳಬರುವ ರಬ್ಬರ್ ಬಿರಡೆಗಳನ್ನೂ ನೋಡಿ.

ಕಾರ್ಪೆಟ್ ಅಡಿಯ ಫೋಮ್ ಪೂರ್ತಿ ಒಣಗದೆ ಮತ್ತೆ ಹಾಸಬೇಡಿ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟು ನೆಲದ ತಗಡಿಗೆ ತುಕ್ಕು ಹಿಡಿಸುತ್ತದೆ.

ಪರೀಕ್ಷೆಯಲ್ಲಿ ಗಾಜಿನ ಅಂಚೇ ಜಿನುಗಿದರೆ ಮೂರನೇ ಸಲ ಸಿಲಿಕೋನ್ ಮೆತ್ತಿಸಬೇಡಿ. ವಿನೆಗರ್ ವಾಸನೆಯ ಸಿಲಿಕೋನ್ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡು ಇನ್ನಷ್ಟು ತುಕ್ಕು ಹಿಡಿಯುತ್ತದೆ. ಗಾಜು ಬಿಚ್ಚಿಸಿ, ತುಕ್ಕು ಕೆರೆಸಿ, ಪ್ರೈಮರ್ ಹೊಡೆಸಿ, ಹೊಸದಾಗಿ ಕೂರಿಸಲು ಹೇಳಿ. ಬಿರುಕಿಲ್ಲದೆ ಹೊರಬಂದರೆ ಹಳೆಯ ಗಾಜೇ ಸಾಕು.