ವೈದ್ಯರ ಸಾಮರ್ಥ್ಯವನ್ನು ಅಳೆಯುವವರಾರು?

ಬನಹಟ್ಟಿಯ ನೇಕಾರರ ಓಣಿಯಲ್ಲಿರುವ ನನ್ನ ಚಿಗವ್ವನ ಕಾಲಿನ ಹುಣ್ಣಿಗೆ ಊರಿನ ವೈದ್ಯರಿಂದ ತಿಂಗಳುಗಟ್ಟಲೆ ಅದೇ ಮುಲಾಮು, ಅದೇ ಇಂಜೆಕ್ಷನ್ ನಡೆದು, ರಕ್ತದಲ್ಲಿನ ಸಕ್ಕರೆಯನ್ನು ಒಮ್ಮೆಯೂ ಪರೀಕ್ಷಿಸದೆ, ಕಡೆಗೆ ಮಿರಜಕ್ಕೆ ಒಯ್ದು ಎರಡು ಬೆರಳುಗಳನ್ನು ತೆಗೆಸಬೇಕಾಗಿ ಬಂದಾಗ, ದೂರು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿತು. “ಬ್ಯಾಡಪಾ, ದೇವರಂಥಾ ಮನಷ್ಯಾರು, ಬಡವರ ಕಡೆ ರೊಕ್ಕಾ ಕೇಳಂಗಿಲ್ಲ” ಎಂದು ತಡೆದವಳು ಆಕೆಯೇ. ಆ ಮಾತು ದಿಟವಾಗಿದ್ದುದರಿಂದಲೇ ನನ್ನನ್ನು ಬಹುಕಾಲ ಕಾಡಿತು.

ವೈದ್ಯಕೀಯ ಪದವಿಯೇ ಇಲ್ಲದೆ ಚಿಕಿತ್ಸೆ ಮಾಡುವವರ ವಿಷಯ ಬೇರೆ. 2024ರ ಮೇ ತಿಂಗಳಲ್ಲಿ ಮಹಾಲಿಂಗಪುರದಲ್ಲಿ ಅಂಥವರಿಂದ ಗರ್ಭಪಾತ ಮಾಡಿಸಿಕೊಂಡ ಮಹಾರಾಷ್ಟ್ರದ ಹೆಣ್ಣುಮಗಳು ತೀರಿಕೊಂಡಾಗ ಪೊಲೀಸರೇ ಮುಂದಾದರು. ಎಂ.ಬಿ.ಬಿ.ಎಸ್. ಪದವೀಧರರ ಮೇಲಿನ ದೂರಾದರೋ 1961ರ ಕಾಯಿದೆಯನ್ವಯ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸಲ್ಲಬೇಕು. ಆಯುರ್ವೇದದವರಿಗೆ ಪ್ರತ್ಯೇಕ ಮಂಡಳಿಯುಂಟು.

ದೂರಿಗೆ ಜೀವಾಳ ದಾಖಲೆ. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡತಕ್ಕದ್ದೆಂದು 2002ರ ವೃತ್ತಿನಿಯಮಗಳು ವಿಧಿಸುತ್ತವೆ. ಮಿರಜದ ಕಾಗದಗಳು ಕೈಸೇರಿದವು. ಊರಿನ ಚಿಕಿತ್ಸೆಗೆ ಸಾಕ್ಷಿಯಾಗಿ ಉಳಿದದ್ದು ಅರಿಷಿಣದ ಕಲೆಹತ್ತಿದ ಚೀಟಿಗಳಷ್ಟೆ. ಅವುಗಳಲ್ಲಿ ತಾರೀಖಿಲ್ಲ, ರೋಗದ ಹೆಸರಿಲ್ಲ. ಮೂರು ಔಷಧಿಗಳ ಹೆಸರು, ಕೆಳಗೊಂದು ಗೀಟು. ಔಷಧದಂಗಡಿಯ ಬಿಲ್ಲುಗಳನ್ನು ಜೋಡಿಸಿ ತಾರೀಖುಗಳನ್ನು ಹೊಂದಿಸಿದ ಮೇಲೆಯೇ ನಡೆದದ್ದರ ಕ್ರಮ ಸ್ಪಷ್ಟವಾಯಿತು.

ಆದರೆ ನಮ್ಮ ನಿಯಮಗಳು ಮುಖ್ಯವಾಗಿ ಹುಡುಕುವುದು ದುರ್ನಡತೆಯನ್ನು. ಅದು ಸಿದ್ಧವಾದರೆ ವೈದ್ಯರ ಹೆಸರನ್ನು ನೋಂದಣಿಯಿಂದ ಕೆಲಕಾಲಕ್ಕಾಗಲಿ ಶಾಶ್ವತವಾಗಿಯಾಗಲಿ ತೆಗೆಯಬಹುದು. ದುರ್ನಡತೆಯ ಸೋಂಕಿಲ್ಲದ, ಆದರೆ ವಿದ್ಯೆ ಹಳೆಯದಾಗಿ ಜಾಗರೂಕತೆ ಕುಂದಿದ ಸಜ್ಜನರನ್ನು ಅಳೆಯುವ ಏರ್ಪಾಡು ಅಲ್ಲಿಲ್ಲ. ಐದು ವರ್ಷಗಳಿಗೊಮ್ಮೆ 30 ಗಂಟೆಗಳ ಮುಂದುವರಿಕೆ ಶಿಕ್ಷಣವುಂಟು. ಉಪನ್ಯಾಸಕ್ಕೆ ಹಾಜರಾದುದರಿಂದ ರೋಗಿಯ ಪಾದವನ್ನು ಮುಟ್ಟಿ ನೋಡುವ ಅಭ್ಯಾಸ ಬಂದಿತೆನ್ನಲಾಗದು. ಬ್ರಿಟನ್ನಿನಲ್ಲಿ 1995ರ ಕಾಯಿದೆಯೊಂದು ದುರ್ನಡತೆಯಿಂದ ಬೇರ್ಪಡಿಸಿ, ವೃತ್ತಿಸಾಮರ್ಥ್ಯದ ಕೊರತೆಯನ್ನೇ ವಿಚಾರಣೆಗೆ ತಂದಿತು; ಸಹವೈದ್ಯರು ಪರೀಕ್ಷಿಸಿ, ಮರುತರಬೇತಿ ವಿಧಿಸಿ, ಅಗತ್ಯವಾದರೆ ವೃತ್ತಿಯಿಂದ ದೂರವಿರಿಸಲು ಅವಕಾಶವಾಯಿತು. ಅಂಥ ವ್ಯವಸ್ಥೆ ನಮಗೂ ಬೇಕೆಂದು ನಾನು ದೃಢವಾಗಿ ನಂಬಿದ್ದೇನೆ. ಒಬ್ಬರೇ ವೈದ್ಯರನ್ನು ನಂಬಿ ಬದುಕುವ ಬೀಳಗಿಯ ಹಳ್ಳಿಗಳಿಗಂತೂ ಅದು ಅತ್ಯಗತ್ಯ.

ಅಂದಿನಿಂದ ಜಮಖಂಡಿ, ಮುಧೋಳಗಳ ಕಡೆಯಿಂದ ಯಾರಾದರೂ ಇಂಥ ಅರ್ಜಿ ಬರೆಸಲು ಬಂದರೆ, ವೈದ್ಯರ ಗುಣಾವಗುಣಗಳನ್ನು ಬದಿಗಿರಿಸಿ, ಯಾವ ದಿನ ಏನು ತೋರಿಸಿದಿರಿ, ಏನು ಪರೀಕ್ಷಿಸಿದರು, ಏನು ಬಿಟ್ಟರು ಎಂಬಷ್ಟನ್ನೇ ಕೇಳಿ ಬರೆದುಕೊಳ್ಳುತ್ತೇನೆ.